ಮೂರೇ ಸಂಚಿಕೆ ಬದುಕಿದ ಸೂಪರ್‌ಹೀರೋ

ಫ್ರಾಂಕೆನ್‌ಸ್ಟೈನ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಮುಂದೆ ಬರೋದು ಒಂದೇ ಮುಖ. ಚಪ್ಪಟೆ ತಲೆ, ಹಣೆ ಮೇಲೆ ಹೊಲಿಗೆ, ಕತ್ತಿನ ಎರಡೂ ಪಕ್ಕ ಬೋಲ್ಟು. ಮೆಕ್ಯಾನಿಕಲ್ ಬ್ರಾಂಚಿನವರಿಗೆ ಒಂದು ಬೇಜಾರಿನ ಸುದ್ದಿ: ಅದು ಬೋಲ್ಟ್ ಅಲ್ಲ, ಎಲೆಕ್ಟ್ರೋಡು. ಹಾಗಾಗಿ ಆ ಪ್ರಾಣಿ ಎಲೆಕ್ಟ್ರಿಕಲ್‌ನವರ ಆಸ್ತಿ. 1931ರಲ್ಲಿ ಯೂನಿವರ್ಸಲ್ ಕಂಪನಿ ಸಿನಿಮಾ ಮಾಡಿದಾಗ ಜ್ಯಾಕ್ ಪಿಯರ್ಸ್ ಅನ್ನೋ ಮೇಕಪ್ ಕಲಾವಿದರು ಬೋರಿಸ್ ಕಾರ್ಲಾಫ್ ಅನ್ನೋ ನಟನ ಮೇಲೆ ಕಟ್ಟಿದ ಮುಖ ಅದು. ತೊಂಬತ್ತು ವರ್ಷ ದಾಟಿದರೂ ಅದೇ ಮುಖ ಟೀ ಶರ್ಟ್ ಮೇಲೆ, ಸ್ಟಿಕ್ಕರ್ ಮೇಲೆ ಓಡಾಡ್ತಾ ಇದೆ.

ಈಗ ಅದೇ ಪ್ರಾಣಿಗೆ ಮೈಗಂಟಿದ ಕೆಂಪು ಡ್ರೆಸ್ ಹಾಕಿ. ಒಂದು ಬಂಗಲೆ ಕೊಡಿ, ಬಂಗಲೆಗೆ ಒಬ್ಬ ಬಟ್ಲರ್ ಕೊಡಿ. ಹಗಲು ಶ್ರೀಮಂತ, ಕಷ್ಟ ಬಂದಾಗ ಊರು ಕಾಯೋ ಸೂಪರ್‌ಹೀರೋ. ತಮಾಷೆ ಮಾಡ್ತಿಲ್ಲ. 1966ರಲ್ಲಿ ಅಮೆರಿಕದ ಡೆಲ್ ಅನ್ನೋ ಪ್ರಕಾಶನ ನಿಜವಾಗಿ ಇಂಥ ಕಾಮಿಕ್ಸ್ ತಂದಿತ್ತು. (ಲ್ಯಾಪ್‌ಟಾಪ್ ಡೆಲ್‌ಗೂ ಇದಕ್ಕೂ ಸಂಬಂಧ ಇಲ್ಲ. ನಾವು ಮೂರು ಜನ ಕೇಳಿದ ಮೊದಲ ಪ್ರಶ್ನೆ ಅದೇ.) ಹೆಸರು ‘ಫ್ರಾಂಕೆನ್‌ಸ್ಟೈನ್’. ಬೆಲೆ ಹನ್ನೆರಡು ಸೆಂಟು. ಆಯಸ್ಸು ಮೂರು ಸಂಚಿಕೆ.

ಈ ಸೆಮ್ ಶುರುವಲ್ಲಿ ನಮ್ಮ ರೂಮಿನವರಿಗೆಲ್ಲ ಹಳೇ ಕಾಮಿಕ್ಸ್ ಓದೋ ಹುಚ್ಚು ಹತ್ತಿತ್ತು. ಇದರ ಬಗ್ಗೆ ಗೊತ್ತಾದಾಗ ನಾವು ಮಾಡಿದ್ದು ಎಲ್ಲರೂ ಮಾಡೋದನ್ನೇ, ಅಂದ್ರೆ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು. ಆದರೆ ನಕ್ಕು ಮುಗಿದ ಮೇಲೆ ಇದರ ಬಗ್ಗೆ ರಾತ್ರಿ ಎರಡು ಗಂಟೆ ತನಕ ಜಗಳ ಆಡಿದೆವು. ಆ ಜಗಳದಿಂದಲೇ ಈ ಬರಹ.

ಮೊದಲು ಕಥೆ ಹೇಳಿಬಿಡೋಣ. ಮೆಟ್ರೊಪೋಲ್ ಸಿಟಿ ಅನ್ನೋ ಊರ ಹೊರಗೆ ಒಂದು ಪಾಳು ಕೋಟೆ. ಅದರಲ್ಲಿ ಬಹುಕಾಲ ಸತ್ತಂತೆ ಬಿದ್ದಿದ್ದ ಜೀವ ಎಚ್ಚರ ಆಗುತ್ತೆ. ಫ್ರಾಂಕೆನ್‌ಸ್ಟೈನ್ ಅನ್ನೋ ಹೆಸರನ್ನೇ ಮುರಿದು ‘ಫ್ರಾಂಕ್ ಸ್ಟೋನ್’ ಅಂತ ಹೆಸರಿಟ್ಟುಕೊಳ್ಳುತ್ತಾನೆ. (ಜರ್ಮನ್‌ನಲ್ಲಿ ಸ್ಟೈನ್ ಅಂದ್ರೂ ಕಲ್ಲೇ, ಲೆಕ್ಕ ಸರಿಹೋಯ್ತು.) ತನ್ನ ಮುಖ ಜನ ನೋಡಬಾರದು ಅಂತ ಮನುಷ್ಯನ ಮುಖದಂಥ ಒಂದು ಮುಖವಾಡ ಹಾಕ್ಕೊಳ್ಳುತ್ತಾನೆ. ಅಪಘಾತಕ್ಕೆ ಸಿಕ್ಕ ಒಬ್ಬ ಶ್ರೀಮಂತ ಮುದುಕನನ್ನು ಕಾಪಾಡುತ್ತಾನೆ. ಮುದುಕ ತನ್ನ ಆಸ್ತಿಯನ್ನೆಲ್ಲ ಇವನ ಹೆಸರಿಗೆ ಬರೆದುಬಿಡುತ್ತಾನೆ. ಅಲ್ಲಿಂದ ಬಂಗಲೆ, ವಿಲಿಯಂ ಅನ್ನೋ ಬಟ್ಲರು, ಗುಟ್ಟು ಪತ್ತೆ ಮಾಡಬೇಕು ಅಂತ ಹಿಂದೆ ಬಿದ್ದ ನೆರೆಮನೆ ಹುಡುಗಿ, ಗೊರಿಲ್ಲಾ ಸಾಕಿಕೊಂಡ ಖಳನಾಯಕ. ಆ ಹುಡುಗಿ ಹೆಸರು ಮಿಸ್ ಆನ್ ಥ್ರೋಪ್. ಮೂರನ್ನೂ ಸೇರಿಸಿ ಬೇಗ ಬೇಗ ಹೇಳಿ ನೋಡಿ, ಮನುಷ್ಯರನ್ನು ಕಂಡ್ರೆ ಆಗದವರು ಅನ್ನೋ ಅರ್ಥದ ಇಂಗ್ಲಿಷ್ ಪದ ಬರುತ್ತೆ. ನಮ್ಮ ಸೀನಿಯರ್‌ಗಳ ಪಿಜೆ ಲೆವೆಲ್ ಅಷ್ಟೇ.

ಯಾಕೆ ಮಾಡಿದರು ಇದನ್ನ? ಕಾರಣ ಸರಳ. 1966ರ ಜನವರಿಯಲ್ಲಿ ಅಮೆರಿಕದ ಟಿವಿಯಲ್ಲಿ ಆಡಂ ವೆಸ್ಟ್ ನಟಿಸಿದ ‘ಬ್ಯಾಟ್‌ಮನ್’ ಶುರುವಾಯ್ತು. ದೇಶಕ್ಕೆ ದೇಶವೇ ಅದರ ಹಿಂದೆ ಬಿತ್ತು. ಬಂಗಲೆ, ಬಟ್ಲರ್, ಗುಟ್ಟಿನ ಹೆಸರು, ಎಲ್ಲ ಅಲ್ಲಿಂದ ಎತ್ತಿದ್ದೇ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಡೆಲ್‌ನವರಿಗೆ ಹೊಸ ಸರಕು ಬೇಕೇ ಬೇಕಿತ್ತು. 1950ರ ದಶಕದಲ್ಲಿ ಕಾಮಿಕ್ಸ್ ಮಾರೋದ್ರಲ್ಲಿ ಅವರೇ ದೊಡ್ಡವರು, ಡಿಸ್ನಿಯ ಬಾತುಕೋಳಿ ಇಲಿಗಳೆಲ್ಲ ಅವರ ಹತ್ತಿರವೇ ಇದ್ದವು. ಆದರೆ ಅವರಿಗೆ ಪುಸ್ತಕ ತಯಾರಿಸಿ ಕೊಡ್ತಿದ್ದ ವೆಸ್ಟರ್ನ್ ಅನ್ನೋ ಕಂಪನಿ 1962ರಲ್ಲಿ ಬೇರೆಯಾಗಿ ಆ ಪಾತ್ರಗಳನ್ನೆಲ್ಲ ಜೊತೆಗೇ ಕೊಂಡುಹೋಯ್ತು. ಮನೆ ಖಾಲಿ.

ಇನ್ನೊಂದು ಅನುಕೂಲವೂ ಇತ್ತು. 1954ರಲ್ಲಿ ಕಾಮಿಕ್ಸ್ ಓದಿ ಮಕ್ಕಳು ಕೆಟ್ಟುಹೋಗ್ತಿದ್ದಾರೆ ಅಂತ ಅಮೆರಿಕದಲ್ಲಿ ದೊಡ್ಡ ಗಲಾಟೆ ಆಗಿತ್ತು. ಸೆನೆಟ್‌ನಲ್ಲಿ ವಿಚಾರಣೆ ಕೂಡ ನಡೀತು. ಕೊನೆಗೆ ಪ್ರಕಾಶಕರೇ ಸೇರಿ ‘ಕಾಮಿಕ್ಸ್ ಕೋಡ್’ ಅಂತ ಒಂದು ನಿಯಮಾವಳಿ ಮಾಡಿಕೊಂಡರು. ರಕ್ತಪಿಶಾಚಿ ಇರಬಾರದು, ಎದ್ದು ಓಡಾಡೋ ಹೆಣ ಇರಬಾರದು, ತೋಳಮನುಷ್ಯ ಇರಬಾರದು. ನಮ್ಮ ಪುಸ್ತಕ ಹೇಗೂ ಸಭ್ಯವಾಗೇ ಇದೆ ಅಂತ ಡೆಲ್ ಆ ಕೋಡಿಗೆ ಸೇರಲೇ ಇಲ್ಲ. ಬೇರೆಯವರು ಮುಟ್ಟೋಕೆ ಹೆದರುತ್ತಿದ್ದ ದೆವ್ವಗಳನ್ನ ಇವರು ಆರಾಮಾಗಿ ಮುಟ್ಟಬಹುದಿತ್ತು. ಫ್ರಾಂಕೆನ್‌ಸ್ಟೈನ್ ಒಬ್ಬನೇ ಅಲ್ಲ, ಡ್ರಾಕುಲಾನನ್ನೂ ತೋಳಮನುಷ್ಯನನ್ನೂ ಅದೇ ಸಮಯಕ್ಕೆ ಸೂಪರ್‌ಹೀರೋ ಮಾಡಿದರು. ಡ್ರಾಕುಲಾ ವಂಶದ ಒಬ್ಬ ಡಾಕ್ಟರು ಬಾವಲಿಯಿಂದ ಔಷಧಿ ಮಾಡೋಕೆ ಹೋಗಿ ತಾನೇ ಬಾವಲಿ ಆಗೋ ಶಕ್ತಿ ಪಡೀತಾನೆ. ತೋಳದ್ದು ಗೂಢಚಾರನ ಕಥೆ. ಮೂವರದ್ದೂ ಮೂರು ಮೂರು ಸಂಚಿಕೆ, 1967 ಮುಗಿಯೋದ್ರೊಳಗೆ ಮೂವರೂ ಮನೆಗೆ.

ಇಲ್ಲಿಗೆ ನಗು ಮುಗೀತು. ಇನ್ನು ಜಗಳ.

ನಮ್ಮಲ್ಲೊಬ್ಬನ ವಾದ ಹೀಗಿತ್ತು: “ಮಗಾ, ಐಡಿಯಾನೇ ದಂಡ. ರಾಕ್ಷಸನ್ನ ತಗೊಂಡು ಹೀರೋ ಮಾಡಿದ್ರೆ ಯಾರು ಓದ್ತಾರೆ?” ನಮಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಮೇರಿ ಶೆಲ್ಲಿಯ ಮೂಲ ಕಾದಂಬರಿ ಓದಿದರೆ ಈ ಮಾತು ನಿಲ್ಲಲ್ಲ. ಆ ಪುಸ್ತಕದಲ್ಲಿ ಅವನು ಮೊದಲಿಂದಲೇ ಹೀರೋ.

ಮೇರಿ ಬಗ್ಗೆ ಎರಡು ಮಾತು, ಯಾಕಂದ್ರೆ ಇದು ನಮ್ಮ ವಯಸ್ಸಿನ ಕಥೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಪರಿಣಾಮದಿಂದ 1816ರಲ್ಲಿ ಯೂರೋಪಿಗೆ ಸರಿಯಾಗಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕು ಮನೆಯೊಳಗೇ ಕೂತಿದ್ದ ಗೆಳೆಯರು ದೆವ್ವದ ಕಥೆ ಬರೆಯೋ ಪಂದ್ಯ ಕಟ್ಟಿದರು. ಗುಂಪಲ್ಲಿ ಬೈರನ್, ಶೆಲ್ಲಿಯಂಥ ದೊಡ್ಡ ಕವಿಗಳಿದ್ದರು. ಗೆದ್ದಿದ್ದು ಹದಿನೆಂಟು ವರ್ಷದ ಮೇರಿ. ಬರೀತಾ ಇರುವಾಗಲೇ ಅವಳಿಗೆ ಹತ್ತೊಂಬತ್ತು ತುಂಬಿತು, 1818ರಲ್ಲಿ ಪುಸ್ತಕ ಹೊರಗೆ ಬಂತು, ಅದೂ ಲೇಖಕರ ಹೆಸರೇ ಇಲ್ಲದೆ. ಅಂದ್ರೆ ನಾವು ಎಂ-3 ಬ್ಯಾಕ್ ಬಗ್ಗೆ ತಲೆ ಕೆಡಿಸಿಕೊಂಡಿರೋ ವಯಸ್ಸಿನಲ್ಲಿ ಅವಳು ಇದನ್ನು ಬರೆದಳು. ಓದಿ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು.

ಆ ಕಾದಂಬರಿಯಲ್ಲಿ ಫ್ರಾಂಕೆನ್‌ಸ್ಟೈನ್ ಅನ್ನೋದು ರಾಕ್ಷಸನ ಹೆಸರೇ ಅಲ್ಲ, ಅವನನ್ನು ಮಾಡಿದ ವಿಕ್ಟರ್ ಎಂಬ ವಿದ್ಯಾರ್ಥಿಯ ಹೆಸರು. ಮಾಡಲ್ಪಟ್ಟವನಿಗೆ ಹೆಸರೇ ಇಲ್ಲ. ಸುಮಾರು ಎರಡು ವರ್ಷ ನಿದ್ದೆಗೆಟ್ಟು ಕೆಲಸ ಮಾಡಿದ ವಿಕ್ಟರ್, ಅದು ಕಣ್ಣು ಬಿಟ್ಟ ರಾತ್ರಿಯೇ ಹೆದರಿ ಓಡಿಹೋಗುತ್ತಾನೆ. ಹುಟ್ಟಿದ ದಿನವೇ ಅನಾಥನಾದ ಆ ಜೀವ ಕಾಡು ಸೇರುತ್ತೆ. ಒಂದು ಬಡ ಕುಟುಂಬದ ಮನೆಗೆ ಅಂಟಿಕೊಂಡ ಗುಡಿಸಿಲಲ್ಲಿ ಅಡಗಿ, ಗೋಡೆಯ ಸಂದಿಯಿಂದ ಅವರನ್ನು ನೋಡುತ್ತೆ. ಅವರು ಮಾತಾಡೋದನ್ನು ಕೇಳಿ ಕೇಳಿ ಭಾಷೆ ಕಲಿಯುತ್ತೆ. ಅವರಿಗೆ ಗೊತ್ತಾಗದ ಹಾಗೆ ರಾತ್ರಿ ಸೌದೆ ತಂದು ಒಟ್ಟುತ್ತೆ, ದಾರಿಯ ಹಿಮ ತೆಗೆಯುತ್ತೆ. ಭಾಷೆ ಚೆನ್ನಾಗಿ ಕಲಿತರೆ ಇವರು ನನ್ನ ಮುಖ ಮರೆತು ನನ್ನನ್ನು ಒಪ್ಪಿಕೊಳ್ಳಬಹುದು ಅನ್ನೋ ಆಸೆ ಅದಕ್ಕೆ.

ಮನೆಯ ಕುರುಡು ಮುದುಕ ಒಬ್ಬನೇ ಇದ್ದಾಗ ಹೋಗಿ ಮಾತಾಡುತ್ತೆ. ಮುದುಕ ಪ್ರೀತಿಯಿಂದಲೇ ಮಾತಾಡುತ್ತಾನೆ. ಅಷ್ಟರಲ್ಲಿ ಕಣ್ಣಿದ್ದವರು ಬಂದು ದೊಣ್ಣೆಯಿಂದ ಹೊಡೆದು ಓಡಿಸುತ್ತಾರೆ.

ಮುಂದೆ ಇನ್ನೊಂದು ಘಟನೆ ಬರುತ್ತೆ. ನಮ್ಮ ರಾತ್ರಿ ಜಗಳ ತಿರುಗಿ ಬಿದ್ದಿದ್ದು ಇಲ್ಲೇ. ಕಾಡಿನ ಹೊಳೆಯ ಸೆಳವಿಗೆ ಒಬ್ಬಳು ಹುಡುಗಿ ಜಾರಿ ಬೀಳುತ್ತಾಳೆ. ಇವನು ನೀರಿಗೆ ಹಾರಿ ಅವಳನ್ನು ದಡಕ್ಕೆ ಎಳೆದು ತರುತ್ತಾನೆ, ಉಸಿರು ಬರಿಸೋಕೆ ಒದ್ದಾಡುತ್ತಾನೆ. ಯಾವ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಾದರೂ ಮೊದಲ ಪುಟಕ್ಕೆ ಹಾಕೋ ದೃಶ್ಯ ಅಲ್ವಾ? ಅವಳ ಜೊತೆಯವನು ಓಡಿ ಬಂದು ಇವನಿಗೆ ಗುಂಡು ಹೊಡೆಯುತ್ತಾನೆ. ಆ ಗಾಯದ ನೋವಿನಲ್ಲೇ ಇವನು ಮನುಷ್ಯಕುಲದ ಮೇಲೆ ಸೇಡಿನ ಪ್ರತಿಜ್ಞೆ ಮಾಡೋದು. ಅವನ ಕೈಯಲ್ಲಿ ಮೊದಲು ಸಾಯೋದು ವಿಕ್ಟರ್‌ನ ಪುಟ್ಟ ತಮ್ಮ, ಹೆಸರು ವಿಲಿಯಂ. ನೂರೈವತ್ತು ವರ್ಷ ಆದಮೇಲೆ ಡೆಲ್ ಕಾಮಿಕ್ಸ್‌ನಲ್ಲಿ ಅದೇ ಹೆಸರಿನವನು ಬಟ್ಲರ್ ಆಗಿ ಅವನ ಕೋಟು ಹಿಡ್ಕೊಂಡು ನಿಂತಿರುತ್ತಾನೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾದಂಬರಿಯಲ್ಲಿ ಒಂದು ಜೀವ ಉಳಿಸಿದ್ದಕ್ಕೆ ಅವನಿಗೆ ಸಿಕ್ಕಿದ್ದು ಗುಂಡು. ಕಾಮಿಕ್ಸ್‌ನಲ್ಲಿ ಒಂದು ಜೀವ ಉಳಿಸಿದ್ದಕ್ಕೆ ಸಿಕ್ಕಿದ್ದು ಆಸ್ತಿ. ಮಾಡಿದ ಕೆಲಸ ಒಂದೇ, ಮಾಡಿದವನೂ ಅವನೇ. ನಡುವೆ ವ್ಯತ್ಯಾಸ ಒಂದು ರಬ್ಬರ್ ಮುಖವಾಡ. ಮೇರಿಯ ಕಥೆಯಲ್ಲಿ ಕುರುಡನೊಬ್ಬ ಮಾತ್ರ ಅವನನ್ನು ಮನುಷ್ಯನ ಹಾಗೆ ನಡೆಸಿಕೊಂಡ. ಡೆಲ್‌ನವರು ಮುಖವಾಡ ಹಾಕಿಸಿ ಇಡೀ ಊರನ್ನೇ ಕುರುಡು ಮಾಡಿದರು. ಸಮಸ್ಯೆ ಬಗೆಹರೀತು, ಆದರೆ ಕಥೆ ಹೋಯ್ತು.

“ಲೋ, ಬ್ಯಾಟ್‌ಮನ್‌ಗೂ ಮಾಸ್ಕ್ ಇದೆಯಲ್ಲೋ, ಅವನನ್ನು ಯಾಕೆ ಬೈಯಲ್ಲ?” ಅಂತ ಮತ್ತೊಬ್ಬ ಎದ್ದ. ಒಳ್ಳೇ ಪ್ರಶ್ನೆ. ಬ್ಯಾಟ್‌ಮನ್ ಮನೆಯಲ್ಲಿ ತನ್ನ ಮುಖದಲ್ಲೇ ಇರ್ತಾನೆ, ಕೆಲಸಕ್ಕೆ ಹೊರಟಾಗ ಮಾಸ್ಕ್ ಹಾಕ್ತಾನೆ. ಫ್ರಾಂಕ್ ಸ್ಟೋನ್‌ದು ಉಲ್ಟಾ. ಕೆಲಸಕ್ಕೆ ಹೊರಟಾಗ ಅವನು ಮಾಸ್ಕ್ ತೆಗೀತಾನೆ. ಊರಿಗೆ ಅಪಾಯ ಬಂದಾಗ, ತನ್ನ ಶಕ್ತಿ ಊರಿಗೆ ಬೇಕಾದಾಗ ಮಾತ್ರ ಅವನ ನಿಜವಾದ ಮುಖಕ್ಕೆ ಬೆಲೆ. ಕೆಲಸ ಮುಗಿದ ಮೇಲೆ ಊಟಕ್ಕೆ ಕೂರಬೇಕಾದರೆ, ಪಕ್ಕದ ಮನೆಯವರಿಗೆ ನಮಸ್ಕಾರ ಹೇಳಬೇಕಾದರೆ ಮತ್ತೆ ರಬ್ಬರ್ ಮುಖ. ಈ ವಿಷಯ ಮೂರು ಸಂಚಿಕೆಯಲ್ಲಿ ಎಲ್ಲಾದರೂ ಒಂದು ಕಡೆ ಅವನಿಗೆ ನೋಯಿಸಿದ್ದರೆ ಈ ಕಾಮಿಕ್ಸ್ ಇವತ್ತಿಗೂ ಬದುಕಿರುತ್ತಿತ್ತು ಅಂತ ನಮ್ಮ ಅಂದಾಜು. ಅದರ ಬದಲು ಗೊರಿಲ್ಲಾ ಫೈಟು ಬಂತು.

ಇದಕ್ಕೆ ಪುರಾವೆ ಅಂತ ನಾವು ಎತ್ತಿದ್ದು ಹಲ್ಕ್‌ನನ್ನ. 1962ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಇಬ್ಬರೂ ಸೇರಿ ಹಲ್ಕ್‌ನನ್ನು ಸೃಷ್ಟಿಸಿದಾಗ ಲೀ ಮನಸ್ಸಿನಲ್ಲಿದ್ದವನು ಇದೇ ಫ್ರಾಂಕೆನ್‌ಸ್ಟೈನ್ ರಾಕ್ಷಸ. ಅವನ ಸ್ವಂತ ಪತ್ರಿಕೆಯೂ ಆರೇ ಸಂಚಿಕೆಗೆ ನಿಂತುಹೋಯ್ತು. ಮೊದಲ ಸಂಚಿಕೆಯಲ್ಲಿ ಅವನ ಬಣ್ಣ ಬೂದು, ಪ್ರಿಂಟಿಂಗಲ್ಲಿ ಆ ಬಣ್ಣ ಒಂದೊಂದು ಪುಟಕ್ಕೆ ಒಂದೊಂದು ಥರ ಬಂತು ಅಂತ ಆಮೇಲೆ ಹಸಿರು ಮಾಡಿದರು, ಅಷ್ಟು ಅರೆಬರೆ ಶುರುವಾತು. ಆದರೂ ಹಲ್ಕ್ ವಾಪಸ್ ಬಂದ. ಅವೆಂಜರ್ಸ್ ಸೇರಿದ, ಇವತ್ತು ಚಿಕ್ಕ ಮಕ್ಕಳ ನೀರಿನ ಬಾಟಲಿ ಮೇಲೂ ಇದ್ದಾನೆ. ಅವನಿಗೆ ಬಂಗಲೆ ಕೊಡಲಿಲ್ಲ, ಬಟ್ಲರ್ ಕೊಡಲಿಲ್ಲ. ಊರು ಉಳಿಸಿದ ಮೇಲೂ ಮಿಲಿಟರಿಯವರು ಅವನ ಮೇಲೇ ಗುಂಡು ಹಾರಿಸುತ್ತಾರೆ. ಹೊಳೆ ದಡದ ಆ ಗುಂಡನ್ನು ಹಲ್ಕ್ ಕಥೆ ಬಿಡಲಿಲ್ಲ.

ಇಷ್ಟು ಹೇಳಿ ಡೆಲ್‌ನವರಿಗೆ ಏನೂ ಗೊತ್ತಿರಲಿಲ್ಲ ಅಂತ ಷರಾ ಬರೆದರೆ ತಪ್ಪಾಗುತ್ತೆ. ಫ್ರಾಂಕ್ ಸ್ಟೋನ್‌ನನ್ನು ಚಿತ್ರಿಸಿದ ಟೋನಿ ಟಾಲಾರಿಕೊ, ಅದಕ್ಕೆ ಸ್ವಲ್ಪ ಮೊದಲು 1965ರಲ್ಲಿ ಅದೇ ಕಂಪನಿಗೆ ‘ಲೋಬೋ’ ಅಂತ ಇನ್ನೊಂದು ಕಾಮಿಕ್ಸ್ ಚಿತ್ರಿಸಿದ್ದರು. ಅದರ ನಾಯಕ ಒಬ್ಬ ಕಪ್ಪು ಜನಾಂಗದ ಕೌಬಾಯ್. ಕಪ್ಪು ನಾಯಕನ ಹೆಸರಲ್ಲೇ ಬಂದ ಅಮೆರಿಕದ ಮೊದಲ ಕಾಮಿಕ್ಸ್ ಸರಣಿ ಅದು. ಎರಡೇ ಸಂಚಿಕೆಗೆ ನಿಂತಿತು. ಮಾರಾಟಕ್ಕೆ ಕಳಿಸಿದ ಕಟ್ಟುಗಳು ಬಿಚ್ಚದೇ ಹಾಗೇ ವಾಪಸ್ ಬರುತ್ತಿದ್ದವು ಅಂತ ಟಾಲಾರಿಕೊ ಆಮೇಲೆ ನೆನಪಿಸಿಕೊಂಡಿದ್ದಾರೆ. ಒಳಗಿನ ಕಥೆ ಚೆನ್ನಾಗಿದೆಯೋ ಇಲ್ಲವೋ ಅಂತ ಯಾರೂ ತೆರೆದೇ ನೋಡಲಿಲ್ಲ. ಅದೇ ಕೈ, ಆ ಕಟ್ಟುಗಳು ವಾಪಸ್ ಬಂದ ಕಾಲದಲ್ಲೇ, ಮುಖ ಮುಚ್ಚಿಕೊಂಡರೆ ಮಾತ್ರ ಊರೊಳಗೆ ಬಾಳಬಹುದಾದ ಒಬ್ಬನನ್ನು ಚಿತ್ರಿಸಿತು. ಇದು ಗೊತ್ತಾದ ಮೇಲೆ ಆ ಕೆಂಪು ಡ್ರೆಸ್ ನೋಡಿ ನಗೋಕೆ ನಮಗೆ ಮೊದಲಿನ ಹಾಗೆ ಆಗಲಿಲ್ಲ.

ಈಗ ನೀವು ಕೇಳಬಹುದು, ಅರವತ್ತು ವರ್ಷ ಹಿಂದೆ ಅಮೆರಿಕದಲ್ಲಿ ಮಾರಾಟ ಆಗದ ಒಂದು ಕಾಮಿಕ್ಸ್ ಬಗ್ಗೆ ಸೆಕೆಂಡ್ ಇಯರ್ ಹುಡುಗರು ಯಾಕಪ್ಪಾ ಇಷ್ಟು ತಲೆ ಕೆಡಿಸಿಕೊಂಡಿದ್ದೀರಿ ಅಂತ. ಕಾರಣ ಇದೆ. ಆ ವಾರವೇ ನಮಗೆ ಒಂದು ಟ್ರೈನಿಂಗ್ ಸೆಷನ್ ಇತ್ತು. ಮುಂದೆ ಇಂಟರ್‌ವ್ಯೂಗೆ ಹೋದಾಗ ಹೇಗಿರಬೇಕು ಅಂತ ಹೇಳಿಕೊಡೋಕೆ ಒಬ್ಬರು ಹೊರಗಿನಿಂದ ಬಂದಿದ್ದರು. ಊರ ಹೆಸರು ಹೇಳುವಾಗ ಹಳ್ಳಿ ಹೆಸರು ಬೇಡ, ಹತ್ತಿರದ ಸಿಟಿ ಹೆಸರು ಹೇಳಿ ಅಂದರು. ಮಾತಿನ ಧಾಟಿ ಎಲ್ಲಿಯದು ಅಂತ ಗೊತ್ತಾಗಬಾರದು ಅಂದರು. ನಮ್ಮ ರೂಮಿನ ಒಬ್ಬನಿಗೆ ಅವನ ಮುತ್ತಜ್ಜನ ಹೆಸರಿಟ್ಟಿದ್ದಾರೆ, ಐದಕ್ಷರದ್ದು. ಅದನ್ನ ಎರಡಕ್ಷರಕ್ಕೆ ಇಳಿಸಿಕೋ, ಕರೆಯೋರಿಗೆ ಸುಲಭ ಅಂದರು. ಹಾಲ್‌ನಲ್ಲಿ ಎಲ್ಲರೂ ನಕ್ಕರು, ಅವನೂ ನಕ್ಕ. ರಾತ್ರಿ ರೂಮಿಗೆ ಬಂದು ಅವನೇ ಹೇಳಿದ್ದು, “ನಾನೀಗ ಫ್ರಾಂಕ್ ಸ್ಟೋನ್ ಕಣ್ರೋ.”

ಆ ಟ್ರೈನರ್ ಕೆಟ್ಟವರು ಅಂತ ನಾವು ಹೇಳ್ತಿಲ್ಲ. ನಮಗೆ ಕೆಲಸ ಬೇಕು, ಮನೆಯಲ್ಲಿ ಲೋನ್ ಇದೆ, ಮುಖವಾಡದಿಂದ ಬಾಗಿಲು ತೆರೆಯುತ್ತೆ ಅನ್ನೋದು ಸುಳ್ಳೂ ಅಲ್ಲ. ಫ್ರಾಂಕ್ ಸ್ಟೋನ್‌ಗೂ ತೆರೆಯಿತು. ನಾವೇ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಮನೆಯಲ್ಲಿ ಆಡಿದ್ದು, ಸೆಕೆಂಡ್ ಲ್ಯಾಂಗ್ವೇಜ್ ಅಂತ ಓದಿದ್ದು, ಉಳಿದದ್ದು ಕ್ಲಬ್ಬಿನವರ ಮಾತು ಸಂದಿಯಿಂದ ಕೇಳಿ ಕೇಳಿ ಕಲಿತದ್ದು. ಈ ಬರಹದಲ್ಲೇ ಎಷ್ಟು ಹೊಲಿಗೆ ಕಾಣ್ತಾ ಇದೆ ಅಂತ ನಿಮಗೆ ಗೊತ್ತಾಗಿರುತ್ತೆ. ಹೊಲಿಗೆ ಇದ್ದರೆ ಇರಲಿ, ಇದು ನಮ್ಮದೇ ಮುಖ.

ನಮ್ಮ ತಕರಾರು ಇಷ್ಟೇ. ಮುಖವಾಡ ಹಾಕ್ಕೊಳ್ಳಿ ಅಂತ ಹೇಳೋರು, ಅದು ಯಾಕೆ ಬೇಕಾಯ್ತು ಅಂತಲೂ ಒಂದು ಸಲ ಕೇಳಬೇಕು. ಬದಲಾಗಬೇಕಾದ್ದು ಐದಕ್ಷರದ ಹೆಸರೋ, ಐದಕ್ಷರ ಹೇಳೋಕೆ ಬೇಜಾರು ಪಡೋ ನಾಲಿಗೆಯೋ? ಡೆಲ್ ಕಾಮಿಕ್ಸ್ ಈ ಪ್ರಶ್ನೆ ಕೇಳಲಿಲ್ಲ. ಮೇರಿ ಹತ್ತೊಂಬತ್ತನೇ ವಯಸ್ಸಿಗೇ ಕೇಳಿದಳು.

ಜಗಳದ ಕೊನೆಗೆ ನಮ್ಮಲ್ಲಿ ಒಮ್ಮತ ಆಗಲಿಲ್ಲ. ಒಬ್ಬನಿಗೆ ಇನ್ನೂ ಆ ಕಾಮಿಕ್ಸ್ ಶುದ್ಧ ಕಾಪಿ ಅಂತಲೇ ಅನ್ನಿಸುತ್ತೆ, ಸಾಲದ್ದಕ್ಕೆ ಗೊರಿಲ್ಲಾನೇ ಬೆಸ್ಟ್ ಕ್ಯಾರೆಕ್ಟರ್ ಅಂತಾನೆ. ಐದಕ್ಷರದವನು ರೆಸ್ಯೂಮೆಯಲ್ಲಿ ಸದ್ಯಕ್ಕೆ ಪೂರ್ತಿ ಹೆಸರನ್ನೇ ಇಟ್ಟಿದ್ದಾನೆ. ಫೈನಲ್ ಇಯರ್ ಹೊತ್ತಿಗೆ ಏನು ಮಾಡುತ್ತಾನೋ, ಅದು ಅವನಿಗೆ ಬಿಟ್ಟಿದ್ದು. ಅಲ್ಲಿಯ ತನಕ ರೂಮಿನಲ್ಲಿ ನಾವೆಲ್ಲ ಅವನನ್ನು ಐದೂ ಅಕ್ಷರ ಹೇಳಿಯೇ ಕರೆಯೋದು, ಬೆಳಗ್ಗೆ ಎಬ್ಬಿಸುವಾಗಲೂ. ಏಳೋಕೆ ಅವನು ಎಂದಿನ ಹಾಗೆ ಅರ್ಧ ಗಂಟೆ ತಗೊಳ್ತಾನೆ, ಅದರಲ್ಲೇನೂ ಬದಲಾವಣೆ ಇಲ್ಲ.